ಪಕ್ಕದ ಕಾರ್ಖಾನೆಯ ತ್ಯಾಜ್ಯ ಮತ್ತು ಇಂಗಾಲದ ತೆರಿಗೆ: ಕಲುಂಡ್‌ಬೋರ್ಗ್ ಕಲಿಸೋ ಪಾಠ

ಇಂಗಾಲಕ್ಕೆ ತೆರಿಗೆ ಹಾಕಿದ್ರೆ ಕಾರ್ಖಾನೆಗಳು ತಾವಾಗೇ ಒಬ್ಬರ ತ್ಯಾಜ್ಯವನ್ನ ಇನ್ನೊಬ್ಬರು ಬಳಸೋಕೆ ಶುರು ಮಾಡ್ತವೆ ಅನ್ನೋ ವಾದ ನೀವು ಕೇಳಿರಬಹುದು. ತ್ಯಾಜ್ಯ ಹಂಚಿಕೆ ಅಂದ ತಕ್ಷಣ ಎಲ್ಲರೂ ಹೆಸರಿಸೋದು ಡೆನ್ಮಾರ್ಕಿನ ಪುಟ್ಟ ಬಂದರು ಕಲುಂಡ್‌ಬೋರ್ಗ್. ಅಲ್ಲಿನ ಇಸವಿಗಳನ್ನ ಸಾಲಾಗಿ ಇಟ್ಟು ನೋಡಿ, ಕಥೆ ಬೇರೆಯೇ ಇದೆ.

ಶುರುವಾಗಿದ್ದು ನೀರಿನಿಂದ. ಅಂತರ್ಜಲ ಸಾಲದ ಊರು. 1961ರಲ್ಲಿ ತೈಲ ಸಂಸ್ಕರಣಾಗಾರಕ್ಕಾಗಿ ಟಿಸ್ಸೋ ಸರೋವರದಿಂದ ಪೈಪ್ ಬಂತು. 1972ರಲ್ಲಿ ಆ ಸಂಸ್ಕರಣಾಗಾರ ಸುಮ್ಮನೆ ಉರಿಸಿಬಿಡುತ್ತಿದ್ದ ಅನಿಲವನ್ನ ಗೈಪ್ರಾಕ್ ಅನ್ನೋ ಜಿಪ್ಸಮ್ ಬೋರ್ಡ್ ಕಂಪನಿ ಕೊಂಡುಕೊಂಡಿತು. 1982ರ ಹೊತ್ತಿಗೆ ಆಸ್ನೆಸ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಉಗಿ ಸಂಸ್ಕರಣಾಗಾರಕ್ಕೂ ಔಷಧ ಕಂಪನಿ ನೋವೋಗೂ ಹೋಗ್ತಿತ್ತು. ಡೆನ್ಮಾರ್ಕ್ ಇಂಗಾಲದ ತೆರಿಗೆ ತಂದಿದ್ದು 1992ರಲ್ಲಿ! ಟನ್ನಿಗೆ 100 ಕ್ರೋನರ್; ಮರುವರ್ಷ ಉದ್ಯಮಗಳಿಗೂ ಬಂತು, ಅದೂ ರಿಯಾಯಿತಿ ಸಮೇತ. ಅಂದ್ರೆ ಹಂಚಿಕೆಯನ್ನ ಹುಟ್ಟಿಸಿದ್ದು ತೆರಿಗೆ ಅಲ್ಲ. ನೀರಿನ ಕೊರತೆ, ಇಂಧನದ ಖರ್ಚು, ಅಕ್ಕಪಕ್ಕದವರ ಪರಿಚಯ, ಇವು.

ಹಾಗಾದ್ರೆ ತೆರಿಗೆ ಏನು ಮಾಡ್ತು? ಇಲ್ಲೇ ಇರೋದು ಸ್ವಾರಸ್ಯ. 1993ರಲ್ಲಿ ಆಸ್ನೆಸ್ ತನ್ನ ಹೊಗೆಯಿಂದ ಗಂಧಕ ತೆಗೆಯೋ ಘಟಕ ಹಾಕಿತು. ಅದರಿಂದ ಬಂದ ಜಿಪ್ಸಮ್ ಪಕ್ಕದ ಗೈಪ್ರಾಕ್‌ಗೆ ಕಚ್ಚಾವಸ್ತುವಾಯ್ತು. ಹೊರದೇಶದ ಗಣಿಯಿಂದ ತರಿಸೋದು ಅಷ್ಟರಮಟ್ಟಿಗೆ ಕಮ್ಮಿಯಾಯ್ತು. ಆದ್ರೆ ಡೆನ್ಮಾರ್ಕಿನಲ್ಲಿ ಶಾಖಕ್ಕಾಗಿ ಕಲ್ಲಿದ್ದಲು ಸುಟ್ಟರೆ ತೆರಿಗೆ, ಮರಕ್ಕೆ ವಿನಾಯಿತಿ. ಹವಾಮಾನ ನೀತಿಯ ಒತ್ತಡವೂ ಸೇರಿ, 2020ರ ಸುಮಾರಿಗೆ ಆಸ್ನೆಸ್ ಮರದ ಚೂರುಗಳಿಗೆ ಬದಲಾಯ್ತು. ಉಗಿ ಹರಿಯೋದು ನಿಲ್ಲಲಿಲ್ಲ. ಆದ್ರೆ ಮರದಲ್ಲಿ ಗಂಧಕ ಅತಿ ಕಮ್ಮಿ, ಹಾಗಾಗಿ ಜಿಪ್ಸಮ್‌ನ ಮೂಲವೇ ಹೋಯ್ತು.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಇದನ್ನ ಡಿಪೆಂಡೆನ್ಸಿ ಅಂತೀವಿ. ಪಕ್ಕದವನ ತ್ಯಾಜ್ಯವನ್ನೇ ನಂಬಿದ್ರೆ, ಅವನು ಶುದ್ಧವಾದ ದಿನ ನಮಗೆ ಮಾಲು ಇಲ್ಲ.

ಈ ಪ್ರಶ್ನೆ ನಮಗೂ ದೂರದ್ದಲ್ಲ. ನಮ್ಮ ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರಬಹುದು. ಅದು ಬರೋದು ಕಲ್ಲಿದ್ದಲು ಸ್ಥಾವರಗಳಿಂದ. ಇಂಗಾಲಕ್ಕೆ ಬೆಲೆ ಕಟ್ಟಿದ್ರೆ ಮೊದಲು ಬೂದಿಗೆ ಬೇಡಿಕೆ ಏರುತ್ತೆ, ಯಾಕಂದ್ರೆ ಸುಣ್ಣದಕಲ್ಲು ಸುಟ್ಟು ಮಾಡೋ ಕ್ಲಿಂಕರ್ ದುಬಾರಿಯಾಗುತ್ತೆ. ಅದೇ ಬೆಲೆ ಮುಂದೊಂದು ದಿನ ಬೂದಿಯ ಮೂಲವನ್ನೇ ಮುಚ್ಚಿಸಬಹುದು.

ತೆರಿಗೆ ಬೇಡ ಅಂತ ನಾನು ಹೇಳ್ತಿಲ್ಲ, ಬೇಕೇ ಬೇಕು. ಆದ್ರೆ ಪೈಪ್ ಹಾಕೋ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ತ್ಯಾಜ್ಯ ಇನ್ನೆಷ್ಟು ವರ್ಷ ಬರುತ್ತೆ?