ಹುಲಿ ಅಂದಾಜಿನ ತಂತ್ರಾಂಶಗಳು: ‘ಕ್ಯಾಪ್ಚರ್’ನಿಂದ ‘ಸ್ಪೇಸ್‌ಕ್ಯಾಪ್’ವರೆಗೆ

ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಹನೂರಿನ ಮಲೆಮಹದೇಶ್ವರ ಬೆಟ್ಟ, ಕೊಳ್ಳೇಗಾಲದ ಕಡೆಯ ಕಾವೇರಿ ವನ್ಯಧಾಮ ಒಂದಕ್ಕೊಂದು ತಾಗಿದಂತಿರುವ ಕಾಡುಗಳು. ಇಂಥ ಕಡೆ ಹುಲಿ, ಚಿರತೆಗಳ ತಲೆ ಎಣಿಸುವುದು ಆಗದ ಮಾತು. ಗಾಜಿನ ಮೇಲೆ ಹೆಜ್ಜೆಗುರುತು ಬರೆದುಕೊಂಡು ಹುಲಿಗಳನ್ನು ಲೆಕ್ಕ ಹಾಕುವ ಪದ್ಧತಿ ದೇಶದಲ್ಲಿ ಬಹುಕಾಲ ನಡೆಯಿತು. ಒಂದೇ ಹುಲಿಯ ಹೆಜ್ಜೆ ಮಣ್ಣಿಗೆ ತಕ್ಕಂತೆ ಬೇರೆಯಾಗುವುದರಿಂದ ಅದು ನಂಬಲರ್ಹವಾಗಿರಲಿಲ್ಲ.

ಅದರ ಜಾಗಕ್ಕೆ ಬಂದದ್ದು ‘ಗುರುತಿಸಿ ಮತ್ತೆ ಹಿಡಿಯುವ’ ಲೆಕ್ಕ. ಮೊದಲ ಸಲ 20 ಪ್ರಾಣಿಗಳು ಗುರುತಾಗಿ, ಎರಡನೆಯ ಸಲ ಕಂಡ 15ರಲ್ಲಿ 10 ಹಳೆಯವೇ ಆದರೆ, ಒಟ್ಟು ಸಂಖ್ಯೆ ಸುಮಾರು 30. ಎಲ್ಲ ಪ್ರಾಣಿಗಳೂ ಸಮಾನವಾಗಿ ಸಿಗುತ್ತವೆ ಎಂಬುದು ಈ ಸರಳ ಸೂತ್ರದ ಆಧಾರ, ಕಾಡಿನಲ್ಲಿ ಹಾಗಾಗುವುದಿಲ್ಲ. ಈ ತೊಡಕಿಗೆ ಓಟಿಸ್, ಬರ್ನ್‌ಹ್ಯಾಮ್, ವೈಟ್ ಮತ್ತು ಆಂಡರ್ಸನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಹಾಗೂ ಅದರ ಜೊತೆಗಿನ ‘ಕ್ಯಾಪ್ಚರ್’ ಎಂಬ ಫೋರ್‌ಟ್ರಾನ್ ತಂತ್ರಾಂಶ ಉತ್ತರ ಹುಡುಕಿದವು. ಕಾಲ, ಪ್ರಾಣಿಯ ನಡವಳಿಕೆ, ಪ್ರತಿ ಪ್ರಾಣಿಯ ಸ್ವಭಾವ ಈ ಮೂರನ್ನು ಬಗೆಬಗೆಯಾಗಿ ಸೇರಿಸಿ ಎಂಟು ಮಾದರಿಗಳನ್ನು ಅದು ಪರಿಗಣಿಸುತ್ತಿತ್ತು. ಪ್ರತಿ ಪ್ರಾಣಿಗೆ ಒಂದು ಸಾಲು: ಸಿಕ್ಕ ದಿನ 1, ಸಿಗದ ದಿನ 0. ಮಾದರಿಗಳಿಗೆ 0ಯಿಂದ 1ರವರೆಗೆ ಅಂಕ ಕೊಟ್ಟು, ಯಾವುದು ಸೂಕ್ತ ಎಂದು ಅದೇ ಸೂಚಿಸುತ್ತಿತ್ತು.

ಇದನ್ನು ಹುಲಿಗೆ ಅನ್ವಯಿಸಿದ ಮುಖ್ಯ ಕೆಲಸ ಕರ್ನಾಟಕದ್ದು. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಮೈಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲಿಯನ್ನು ಹಿಡಿಯಬೇಕಾಗಿರಲಿಲ್ಲ, ಚಿತ್ರವೇ ಗುರುತಾಯಿತು.

ಆದರೆ ‘ಕ್ಯಾಪ್ಚರ್’ ಹೇಳುತ್ತಿದ್ದುದು ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ ಎಷ್ಟು ವಿಸ್ತಾರಕ್ಕೆ ಸೇರಿದ್ದು ಎಂಬುದನ್ನಲ್ಲ. ಸಂಶೋಧಕರು ಹುಲಿಗಳು ಕ್ಯಾಮೆರಾಗಳ ನಡುವೆ ಓಡಾಡಿದ ಗರಿಷ್ಠ ದೂರದ ಸರಾಸರಿಯ ಅರ್ಧದಷ್ಟು ಪಟ್ಟಿಯನ್ನು ಸುತ್ತ ಸೇರಿಸಿ ಸಾಂದ್ರತೆ ಕಂಡುಕೊಳ್ಳುತ್ತಿದ್ದರು. ಇದು ಅಳತೆಗಿಂತ ಒಡಂಬಡಿಕೆಯೇ ಹೆಚ್ಚು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಂಥ ಕಡೆ ಈ ದೋಷ ಎದ್ದುಕಾಣುತ್ತದೆ. ಒಂದು ಮಗ್ಗುಲಲ್ಲಿ ಹೊಲ, ಊರು. ಇನ್ನೊಂದರಲ್ಲಿ ಕಾಡು ಮುಂದುವರಿಯುತ್ತದೆ. ಎಡೆಯಾರಹಳ್ಳಿ–ದೊಡ್ಡಸಂಪಿಗೆಯ ಆನೆದಾರಿ ಅದನ್ನು ಮಲೆಮಹದೇಶ್ವರ ಬೆಟ್ಟದ ಕಾಡಿಗೆ ಕೂಡಿಸುತ್ತದೆ. ಸುತ್ತಲೂ ಸಮವಾದ ಪಟ್ಟಿ ಎಳೆದರೆ ಹುಲಿ ಬಾಳದ ಹೊಲವೂ ಲೆಕ್ಕಕ್ಕೆ ಬಂದುಬಿಡುತ್ತದೆ.

ಸ್ಥಳವನ್ನೇ ಮಾದರಿಯೊಳಗೆ ತಂದ ವಿಧಾನ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ಮರೆ ಎಫರ್ಡ್ 2004ರಲ್ಲಿ ಇದಕ್ಕೆ ದಾರಿ ತೋರಿದರು. ಆಂಡ್ರ್ಯೂ ರಾಯ್ಲ್, ಕಾರಂತ ಮತ್ತಿತರರು 2009ರಲ್ಲಿ ಈ ವಿಧಾನದ ಬೇಸಿಯನ್ (ಸಂಭವನೀಯತೆ ಆಧಾರಿತ) ರೂಪವನ್ನು ನಾಗರಹೊಳೆಯ ದತ್ತಾಂಶಕ್ಕೆ ಹೊಂದಿಸಿದರು. ಅರ್ಜುನ್ ಗೋಪಾಲಸ್ವಾಮಿ ಮತ್ತು ಸಂಗಡಿಗರ ‘ಸ್ಪೇಸ್‌ಕ್ಯಾಪ್’ 2012ರಲ್ಲಿ ಪ್ರಕಟವಾಯಿತು. ‘ಆರ್’ ಭಾಷೆಯ ಈ ತಂತ್ರಾಂಶಕ್ಕೆ ಮೂರು ಕಡತ ಸಾಕು: ಯಾವ ಪ್ರಾಣಿ ಎಲ್ಲಿ, ಯಾವಾಗ ಸಿಕ್ಕಿತು; ಯಾವ ಕ್ಯಾಮೆರಾ ಯಾವ ದಿನ ಕೆಲಸ ಮಾಡಿತು; ಪ್ರಾಣಿಯ ನೆಲೆಯ ಕೇಂದ್ರ ಎಲ್ಲೆಲ್ಲಿ ಇರಬಹುದು. ಮೂರನೆಯದರಲ್ಲಿ ಕಾಡಿನ ಬಿಂದುವಿಗೆ 1, ರಾಗಿ ಹೊಲದ ಬಿಂದುವಿಗೆ 0. ಹನೂರು ಸೀಮೆಯಂಥ ಹರಿದು ಹಂಚಿದ ನೆಲಕ್ಕೆ ಆ ಒಂದು ಕಂಬಸಾಲೇ ನಿರ್ಣಾಯಕ.

ಮೈಮೇಲಿನ ಚುಕ್ಕೆಗಳಿಂದ ಚಿರತೆಗಳನ್ನು ಗುರುತಿಸುವ ಕೆಲಸವನ್ನು ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕಾವೇರಿ, ಮಲೆಮಹದೇಶ್ವರ ವನ್ಯಧಾಮಗಳಲ್ಲಿ ನಡೆಸಿದರು. ಹುಲಿಯಾಗಲಿ, ಚಿರತೆಯಾಗಲಿ, ಸಾಂದ್ರತೆಯ ಲೆಕ್ಕ ಮಾದರಿಯನ್ನೂ ವಿಸ್ತಾರವನ್ನೂ ಅವಲಂಬಿಸಿದೆ. ಹೀಗಾಗಿ ಬೇರೆ ಬೇರೆ ತಂತ್ರಾಂಶಗಳಿಂದ ಬಂದ ಹಳೆಯ, ಹೊಸ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪ್ರಾಣಿ ಹೆಚ್ಚಿತು, ತಗ್ಗಿತು ಎಂದು ತೀರ್ಮಾನಿಸುವುದು ಸಲ್ಲದು. ಮಾದರಿಯೂ ವಿಸ್ತಾರವೂ ನಮೂದಾಗದ ಅಂಕಿ ಹೋಲಿಕೆಗೆ ಬರುವುದಿಲ್ಲ.