ಬೆಂಕಿಗೆ ಬೀಳದ ಸೀರೆ

1905ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, ಪುಣೆಯಲ್ಲಿ ಪರದೇಶಿ ಬಟ್ಟೆಯ ರಾಶಿಗೆ ಬೆಂಕಿ ಹಚ್ಚಿದರು. ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿ ವಿನಾಯಕ ದಾಮೋದರ ಸಾವರ್ಕರ್ ಮುಂದಾಳು. ಟಿಳಕರೂ ‘ಕಾಳ’ ಪತ್ರಿಕೆಯ ಶಿವರಾಮ ಮಹಾದೇವ ಪರಾಂಜಪೆಯವರೂ ಜತೆಗಿದ್ದರು. ಆಮೇಲೆ ಕಾಲೇಜು ಸಾವರ್ಕರರಿಗೆ 10 ರೂಪಾಯಿ ದಂಡ ಹಾಕಿ ವಸತಿಗೃಹದಿಂದ ಹೊರಹಾಕಿತು. ಇಷ್ಟು ಎಲ್ಲರೂ ಬರೆದಿದ್ದಾರೆ. ನನ್ನ ತಲೆ ಹೊಕ್ಕ ಪ್ರಶ್ನೆ ಬೇರೆ: ಮನೆಯ ಟ್ರಂಕು ತೆರೆದು ಕೂತವರು ‘ಇದು ಪರದೇಶಿ, ಇದಲ್ಲ’ ಎಂದು ಬೇರ್ಪಡಿಸಿದ್ದು ಹೇಗೆ?

ಆ ದಿನದ ವರ್ಣನೆಗಳಲ್ಲಿ ಎದ್ದು ಕಾಣುವುದು ಕೋಟು, ಟೋಪಿ, ಅಂದರೆ ಗಂಡಸರ ಉಡುಪು. ಸೀರೆ, ಕುಪ್ಪಸಗಳ ಮಾತು ಕಡಿಮೆ. ಇದರಿಂದ ಸೀರೆ ಸುಡಲೇ ಇಲ್ಲ ಎಂದುಬಿಡುವ ಹಾಗಿಲ್ಲ. ಬರೆದವರು ಗಂಡಸರು, ನೆರೆದವರಲ್ಲಿ ಹೆಚ್ಚಿನವರು ಹುಡುಗರು. ಆದರೂ ಈ ಮೌನ ನನಗೆ ಮುಖ್ಯವೆನಿಸಿತು, ಯಾಕೆಂದರೆ ಪುಣೆಯ ಹೆಂಗಸರ ಟ್ರಂಕಿನಲ್ಲಿ ನಮ್ಮ ಕಡೆಯ ಸರಕಿತ್ತು: ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ. ಎರಡೂ ಆಗಿನ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಯ ಊರುಗಳು. ಖಣವೆಂದರೆ ಕಿರಿದಾದ ಅಗಲ, ಎರಡೂ ಅಂಚಿಗೆ ದಡಿ, ಮೈತುಂಬ ಸಣ್ಣ ಬುಟ್ಟಾ. ಒಂದು ಕುಪ್ಪಸಕ್ಕೆ ಒಂದು ಖಣ. ತ್ರಿಕೋನವಾಗಿ ಮಡಿಚಿ ಉಡಿಯಲ್ಲಿ ಹಾಕುವುದು ಕೃಷ್ಣೆಯ ಈಚೆಗೂ ಆಚೆಗೂ ಒಂದೇ ರೂಢಿ.

ಮೊದಲು ತೆರೆಯಬೇಕಾದದ್ದು 1885ರ ಪುಣೆ ಗೆಝೆಟಿಯರ್. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಈ ಸಂಪುಟಗಳು ಜಾತಿ ಜಾತಿಯ ಮನೆ ಹೊಕ್ಕು ಪಾತ್ರೆ ಪರಡಿ, ಉಡುಗೆ ತೊಡುಗೆ, ಅವುಗಳ ಬೆಲೆಯನ್ನೂ ಬರೆದಿಡುತ್ತವೆ. ಓದಲು ಖುಷಿ, ನಂಬಲು ಕಷ್ಟ. ಒಂದು ಜಾತಿಗೆ ಬರೆದ ವಾಕ್ಯವೇ ಸ್ವಲ್ಪ ಬದಲಾಗಿ ಮುಂದಿನ ಜಾತಿಗೂ ಬರುತ್ತದೆ. ಇದು ಮನೆ ಮನೆ ಎಣಿಸಿ ಬರೆದದ್ದಲ್ಲ, ಕಚೇರಿಯವರು ಕೇಳಿ ತಿಳಿದು ಬರೆದದ್ದು. ಏನು ಬಳಕೆಯಲ್ಲಿತ್ತು ಎಂಬುದಕ್ಕೆ ಇದನ್ನು ಒಪ್ಪಬಹುದು. ಎಷ್ಟಕ್ಕೆ ಕೊಂಡರು ಎಂಬುದಕ್ಕೆ ನಾನು ಒಪ್ಪಲಾರೆ.

ಲೆಕ್ಕ ಬೇಕೆಂದರೆ ಮುಂದಿನ ಪೀಳಿಗೆಗೆ ಬರಬೇಕು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ 1917ರಲ್ಲಿ ನಗರದ ಪಕ್ಕದ ಪಿಂಪಳೆ ಸೌದಾಗರ್ ಹಳ್ಳಿಯ ಅಧ್ಯಯನ ಪ್ರಕಟಿಸಿದರು. ಅವರ ಕಣ್ಣು ಹೊಲ ಮತ್ತು ಸಾಲದ ಮೇಲಿತ್ತು. ಫಿಂಡ್ಲೆ ಶಿರ್ರಾಸ್ 1923ರಲ್ಲಿ ಮುಂಬೈಯ 2,473 ಕಾರ್ಮಿಕ ಕುಟುಂಬಗಳ ಖರ್ಚುವೆಚ್ಚ ಮುಂದಿಟ್ಟರು. ಅರ್ಧಕ್ಕಿಂತ ಹೆಚ್ಚು ಹೊಟ್ಟೆಗೆ, ಬಟ್ಟೆಗೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಆದರೆ ಇಂಥ ಪಟ್ಟಿ ಕೇಳುವುದು ಎಷ್ಟು ಖರ್ಚಾಯಿತೆಂದು. ಆ ಸೀರೆ ಎಲ್ಲಿಯದೆಂದು ಕೇಳುವುದು ಅದರ ಕೆಲಸವಲ್ಲ. ದಾರಿ ಅಲ್ಲಿಗೆ ನಿಂತಿತು.

ಮತ್ತೆ ತೆರೆದುಕೊಂಡದ್ದು ಕೊಳ್ಳುವವರನ್ನು ಬಿಟ್ಟು ನೇಯುವವರ ಕಾಗದಗಳನ್ನು ಹಿಡಿದಾಗ. ಮುಂಬೈ ಪ್ರಾಂತದ ಕೈಮಗ್ಗದ ವರದಿಗಳು, ಪುಣೆಯ ಗೋಖಲೆ ಸಂಸ್ಥೆಗಾಗಿ ಎನ್. ಎಂ. ಜೋಶಿ 1936ರಲ್ಲಿ ಬರೆದ ದಖ್ಖನ್ನಿನ ಕೈಕಸುಬುಗಳ ಪುಸ್ತಕ, ಪಿ. ಜೆ. ಥಾಮಸ್ ಸಮಿತಿಯ 1942ರ ವರದಿ: ಇವನ್ನು ಒಟ್ಟಿಗಿಟ್ಟು ಓದಿದರೆ ಒಂದು ಗೆರೆ ಕಾಣುತ್ತದೆ. ಗಂಡಸರ ಬಟ್ಟೆಯ ಬಹುಪಾಲನ್ನು ಗಿರಣಿಗಳು ನುಂಗಿದ್ದವು. ದಡಿ, ಸೆರಗು, ಹಲವು ಬಣ್ಣಗಳಿರುವ ಹೆಂಗಸರ ಸೀರೆ ಮಾತ್ರ ಮಗ್ಗದ ಕೈಯಲ್ಲೇ ಉಳಿದಿತ್ತು. ಇಳಕಲ್ಲಿನ ಟೋಪ್ ತೆನಿ ಸೆರಗನ್ನೇ ನೋಡಿ: ಮೈಯ ಹಾಸಿನ ಹತ್ತಿ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಸೀರೆ ಸೀರೆಗೂ ಈ ಕೆಲಸ ಹೊಸದು. ಒಂದೇ ಬಟ್ಟೆಯನ್ನು ಗಜಗಟ್ಟಲೆ ಇಳಿಸುವ ಗಿರಣಿಗೆ ಇದು ಗಿಟ್ಟದು. ಸೀರೆ ಬೆಂಕಿಗೆ ಬೀಳಲಿಲ್ಲವಾದರೆ ಕಾರಣ ಸರಳ: ಅದು ದೇಶಿಯೇ.

ಆದರೆ ಅದೇ ವರದಿಗಳು ಈ ಉತ್ತರವನ್ನು ಕೆಡಿಸುತ್ತವೆ. ಮಗ್ಗಕ್ಕೆ ಹೋಗುತ್ತಿದ್ದುದು ಗಿರಣಿ ನೂಲು. ಮುಂಬೈ ಗಿರಣಿಗಳು ಆಗ ಹೆಚ್ಚಾಗಿ ದಪ್ಪ ನೂಲು ತೆಗೆಯುತ್ತಿದ್ದವು, ನಯವಾದದ್ದು ಇಂಗ್ಲೆಂಡಿನಿಂದ ಬರುತ್ತಿತ್ತು. ರೇಷ್ಮೆಯಲ್ಲಿ ಚೀನಾದ್ದೂ ಇತ್ತು. ಬಣ್ಣ ಜರ್ಮನಿಯದು: 1860ರ ದಶಕದ ಕೊನೆಗೆ ಅಲ್ಲಿ ಪ್ರಯೋಗಶಾಲೆಯಲ್ಲಿ ಹುಟ್ಟಿದ ಅಲಿಝರಿನ್ ಕೆಂಪು ನಮ್ಮ ಆಲ್ ಗಿಡದ ಬೇರಿನ ಕೆಂಪನ್ನು ಓಡಿಸಿತ್ತು. ತಾಮ್ರದ ಹಂಡೆಯದೂ ಇದೇ ಪಾಡು. ಬಡಿದವರು ಪುಣೆಯ ತಾಂಬಟ್ ಆಳಿ ಎಂಬ ಕೇರಿಯ ಕಂಚುಗಾರರು, ತಗಡು ಮಾತ್ರ ಯುರೋಪಿನಿಂದ ಹಡಗಿನಲ್ಲಿ ಬಂದದ್ದು.

ಹಾಗಾದರೆ ಕೊಳ್ಳುವವರಿಗೆ ಇದು ಗೊತ್ತಿರಲಿಲ್ಲವೇ? ಸುಲಭದ ಉತ್ತರ ‘ಇಲ್ಲ’. ಎರಡು ಸಂಗತಿ ಅದಕ್ಕೆ ಅಡ್ಡ ಬರುತ್ತವೆ. ಒಂದು, ಪರದೇಶಿ ಸಕ್ಕರೆಯನ್ನು ಎಲುಬಿನ ಇದ್ದಿಲಿನಿಂದ ಬಿಳುಪು ಮಾಡುತ್ತಾರೆಂದು ಇದೇ ಸ್ವದೇಶಿ ಚಳವಳಿಯ ದಿನಗಳಲ್ಲಿ ಜನ ದೂರವಿಟ್ಟರು. ವಸ್ತುವಿನ ಒಳಗೇನಿದೆ ಎಂದು ಕೇಳುವುದು ಅವರಿಗೆ ಬರುತ್ತಿತ್ತು. ಇನ್ನೊಂದು, ‘ಸಾರ್ವಜನಿಕ ಕಾಕಾ’ ಗಣೇಶ ವಾಸುದೇವ ಜೋಶಿ. ಪುಣೆಯವರೇ ಆದ ಅವರು 1870ರ ದಶಕದಲ್ಲೇ ನೂಲು ತೆಗೆದು, 1877ರ ದಿಲ್ಲಿ ದರ್ಬಾರಿಗೆ ಖಾದಿ ಉಟ್ಟು ಹೋದವರು. ನೂಲಿನ ಪ್ರಶ್ನೆ ಈ ಊರಲ್ಲಿ ಎದ್ದು ಮೂರು ದಶಕವಾಗುತ್ತ ಬಂದಿತ್ತು. ತಿಳಿಯದೆ ಬಿಟ್ಟರು ಎನ್ನುವುದಕ್ಕಿಂತ ಗೆರೆಯನ್ನು ಬೇಕೆಂದೇ ಬಟ್ಟೆಯ ಹಂತದಲ್ಲಿ ಎಳೆದರು ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ನೂಲಿಗೂ ಬಣ್ಣಕ್ಕೂ ಎಳೆದಿದ್ದರೆ ಮದುವೆ ಮುಂಜಿಗೆ ಉಡಲು ಏನು ಉಳಿಯುತ್ತಿತ್ತು? ಇದು ನನ್ನ ಊಹೆ. ಹೀಗೆಂದು ಬರೆದಿಟ್ಟ ಕಾಗದವಲ್ಲ. ನೂಲನ್ನೇ ಹಿಡಿದು ಕೇಳುವುದು ಚಳವಳಿಯ ನಿಯಮವಾದದ್ದು ಗಾಂಧೀಜಿಯ ಖಾದಿಯೊಂದಿಗೆ, 1920ರ ದಶಕದಲ್ಲಿ. ತಮಾಷೆಯೆಂದರೆ ಕೃತಕ ರೇಷ್ಮೆ ನಮ್ಮ ಮಗ್ಗಗಳಿಗೆ ಇಳಿಯತೊಡಗಿದ್ದೂ ಅದೇ ದಶಕದಲ್ಲಿ, ಇಟಲಿ, ಜಪಾನುಗಳಿಂದ.

ಸೀರೆಯ ಒಳಗಿನ ಪರದೇಶಿ ಪಾಲು ಕೊಳ್ಳುವವರ ಕೈಗೆ ತಟ್ಟುತ್ತಿತ್ತೇ ಎಂದು ಪರೀಕ್ಷಿಸಲು ಚರಿತ್ರೆಯೇ ಒಂದು ಅವಕಾಶ ಮಾಡಿಕೊಟ್ಟಿದೆ. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿಯ ಬಣ್ಣ ನಿಂತಿತು, ಉಳಿದದ್ದರ ಬೆಲೆ ಏರಿತು. ಎಲ್ಲ ಬಣ್ಣಕ್ಕೂ ಒಂದೇ ಗತಿ ಆಗಲಿಲ್ಲ. 1897ರಿಂದ ಜರ್ಮನ್ ನೀಲಿಯ ಹೊಡೆತಕ್ಕೆ ಸೊರಗಿದ್ದ ನಮ್ಮ ನೀಲಿ ಬೆಳೆ ಯುದ್ಧಕಾಲದಲ್ಲಿ ಚೇತರಿಸಿಕೊಂಡಿತು. ಕೆಂಪಿಗೆ ಅಷ್ಟು ದೊಡ್ಡ ಆಸರೆ ಇರಲಿಲ್ಲ. ಹಾಗಿದ್ದರೆ 1914ರಿಂದ 1918ರವರೆಗೆ ಪುಣೆಯ ಅಂಗಡಿಗಳಲ್ಲಿ ಕೆಂಪು ಖಣದ ದರ ನೀಲಿ ಖಣದ ದರಕ್ಕಿಂತ ಜೋರಾಗಿ ಏರಿರಬೇಕು. ಏರಿರದಿದ್ದರೆ ಹೊರೆಯನ್ನು ನೇಕಾರನೋ ನಡುವಿನ ಸಾಹುಕಾರನೋ ಹೊತ್ತಿರಬೇಕು. ಇದಕ್ಕೆ ಸರಕಾರಿ ವರದಿ ಸಾಲದು, ಬಟ್ಟೆ ಅಂಗಡಿಯ ರೋಜಕೀರ್ದಿ ಬೇಕು. ಅಂಥವು ಮೋಡಿ ಲಿಪಿಯಲ್ಲಿರುತ್ತವೆ, ಹೆಚ್ಚಿನವು ಮನೆತನಗಳ ಅಟ್ಟದಲ್ಲಿ. ಅವನ್ನು ಓದುವಾಗ ಒಟ್ಟು ಬೆರೀಜಿಗಿಂತ ಮೊದಲು ನೋಡಬೇಕಾದದ್ದು ಖಣದ ಬಾಬಿನಲ್ಲಿ ಬಣ್ಣ ಬರೆದಿದ್ದಾರೆಯೇ ಎಂಬುದನ್ನು.