ಎಣಿಸಿದವರು, ಎಣಿಕೆಗೆ ಬಂದವರು

ಕೊಪ್ಪಳ ಜಿಲ್ಲೆಯ ಇಟಗಿಗೆ ಶಾಸನ ಓದುವ ಹವ್ಯಾಸದಿಂದ ನಾನು ಹಲವು ಸಲ ಹೋಗಿ ಬಂದಿದ್ದೇನೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಈ ಊರಿನ ಮಹಾದೇವ ದೇವಾಲಯವನ್ನು ಕೇಳುಗರಲ್ಲಿ ಅನೇಕರು ಕಂಡಿರಬಹುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಯ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅದರ ಶಿಲ್ಪದ ಸೊಬಗನ್ನು ಬಲ್ಲವರು ಬೇಕಾದಷ್ಟು ಬಣ್ಣಿಸಿದ್ದಾರೆ. ನಾನಿಂದು ಹೇಳಹೊರಟಿರುವುದು ಗುಡಿಯ ವಿಷಯವನ್ನಲ್ಲ, ಅದರ ಮೆಟ್ಟಿಲ ಬುಡದಲ್ಲಿ ನಿಂತು ಒಬ್ಬರು ನನ್ನನ್ನು ಕೇಳಿದ ಪ್ರಶ್ನೆಯ ವಿಷಯವನ್ನು.

ಅವರು ಆ ಸೀಮೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಎಳವೆಯಲ್ಲೇ ಪೋಲಿಯೋ ತಗುಲಿ ಒಂದು ಕಾಲಿಗೆ ಕ್ಯಾಲಿಪರ್, ಕಂಕುಳಲ್ಲಿ ಊರುಗೋಲು. ಶಾಸನದ ಕಡೆಗೆ ಬೆರಳು ತೋರಿಸಿ, "ಇಂಥ ಕಲ್ಲಿನ್ಯಾಗ ನಮ್ಮಂಥವರ ಸುದ್ದಿ ಎಲ್ಲೆರೆ ಐತೇನ್ರಿ?" ಎಂದರು.

ಇದೆ ಎಂದೆ. ಇಟಗಿಯ ಗುಡಿ ಎದ್ದು ಐವತ್ತು ವರ್ಷವಾದ ಮೇಲೆ, 1162ರಲ್ಲಿ, ಬಳ್ಳಿಗಾವೆಯ ಕೋಡಿಮಠಕ್ಕೆ ಸಂಬಂಧಿಸಿದ ಶಾಸನವೊಂದು ಹುಟ್ಟಿತು. ಆ ಮಠ ಕಾಳಾಮುಖರದು. ವಿದ್ಯಾದಾನದ ಜೊತೆಗೆ ಅನ್ನದಾನವೂ ರೋಗಿಗಳ ಆರೈಕೆಯೂ ಅಲ್ಲಿ ನಡೆಯುತ್ತಿದ್ದವು. ಅನ್ನ ಪಡೆಯುವವರ ಪಟ್ಟಿಯಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಲ್ಲರೂ ಬರುತ್ತಾರೆ. ಎಂಟೂವರೆ ಶತಮಾನಗಳ ಹಿಂದೆ ಅವರನ್ನು ನೆನೆದ ನಾಡು ನಮ್ಮದು ಎಂದು ಹೆಮ್ಮೆಪಡಲು ಅಡ್ಡಿಯಿಲ್ಲ. ಆದರೆ ಶಾಸನಗಳ ಕೊನೆಯ ಸಾಲುಗಳನ್ನೂ ಓದಬೇಕು. ಈ ಧರ್ಮವನ್ನು ಪಾಲಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ದಾನವಿತ್ತ ಫಲ, ಅಳಿದವನಿಗೆ ಅವನ್ನು ಕೊಂದ ಪಾಪ ಎಂಬ ಮಾತು ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಧರ್ಮ ನಡೆಯುತ್ತಿದೆಯೆ ಎಂದು ನೋಡಿಕೊಳ್ಳುವ ಹೊಣೆ ಆಚಾರ್ಯನದು, ಊರ ಮಹಾಜನರದು, ಅವರಿಗೂ ಮೀರಿದರೆ ಪಾಪಭೀತಿಯದು. ಉಣ್ಣಲು ಕುಳಿತ ಕುರುಡನನ್ನು 'ಅನ್ನ ಬಂತೆ?' ಎಂದು ಕೇಳಿ ಅವನ ಸಾಕ್ಷ್ಯವನ್ನು ಕಲ್ಲಿನಲ್ಲಿ ಬರೆಸಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಕಲ್ಲು ಹೋಗಿ ಕಾಗದ ಬಂದಾಗಲೂ ಈ ಕ್ರಮ ಬದಲಾಗಲಿಲ್ಲ. ಇಟಗಿಯ ಸೀಮೆ ಆಗ ನಿಜಾಮರ ಹೈದರಾಬಾದಿಗೆ ಸೇರಿತ್ತು. ಆ ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಭಾರತದ ಗಣತಿಗಳು 1931ರವರೆಗೂ ಕುರುಡರು, ಕಿವುಡ-ಮೂಕರು, ಬುದ್ಧಿ ಕೆಟ್ಟವರು, ಕುಷ್ಠರೋಗಿಗಳು ಎಂಬ ನಾಲ್ಕು 'ಊನ'ಗಳನ್ನು ಲೆಕ್ಕ ಹಾಕುತ್ತಿದ್ದವು. ಆ ಲೆಕ್ಕವನ್ನು ಬರೆದ ಅಧಿಕಾರಿಗಳಿಗೇ ಅದರಲ್ಲಿ ನಂಬಿಕೆಯಿರಲಿಲ್ಲ ಎಂಬುದು ಸ್ವಾರಸ್ಯ. ಮನೆಯವರು ಮುಚ್ಚಿಡುತ್ತಾರೆ, ಗಣತಿದಾರನಿಗೆ ತಿಳಿವಳಿಕೆಯಿಲ್ಲ ಎಂದು ವರದಿಗಳಲ್ಲಿ ಪದೇ ಪದೇ ಗೊಣಗಿದ್ದಾರೆ. ಮುಚ್ಚಿಡುವವರಿಗೆ ಯಾರ ಮುಂದೆ ಬಾಯಿ ಬಿಡಬೇಕೆನಿಸೀತು ಎಂದು ಮಾತ್ರ ಯೋಚಿಸಿದಂತೆ ಕಾಣುವುದಿಲ್ಲ. 1941ರಿಂದ ಆ ಪ್ರಶ್ನೆಯನ್ನೇ ಕೈಬಿಟ್ಟರು.

ಮುಂದೆ ನಲವತ್ತು ವರ್ಷ ಮೌನ. ವಿಶ್ವಸಂಸ್ಥೆಯು 1981ನ್ನು ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದಾಗ ನಮ್ಮ ಗಣತಿಗೂ ನೆನಪಾಯಿತು. ಆದರೆ ಕೇಳಿದ್ದು ಪೂರ್ಣ ಕುರುಡರನ್ನು, ಪೂರ್ಣ ಮೂಕರನ್ನು, ಪೂರ್ಣ ಹೆಳವರನ್ನು ಮಾತ್ರ. 'ಪೂರ್ಣ' ಎಂಬ ಆ ಒಂದು ಪದ ಮಾಡಿದ ಕೆಲಸವನ್ನು ನೋಡಿ: ಇಡೀ ದೇಶದಲ್ಲಿ ಸಿಕ್ಕವರು ಸುಮಾರು 11 ಲಕ್ಷ. ಅದೇ ವರ್ಷ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಂದಾಜು ಮಾಡಿದ್ದು ಸುಮಾರು 1 ಕೋಟಿ 20 ಲಕ್ಷ. ಗೋಡೆ ಹಿಡಿದು ನಡೆಯುವವನು, ಮಬ್ಬಾಗಿ ಕಾಣುವವಳು, ಅರ್ಧ ಕೇಳುವವರು ಮೊದಲನೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಲೆಕ್ಕದಲ್ಲಿಲ್ಲದವರಿಗೆ ಶಾಲೆಯೂ ಮಾಸಾಶನವೂ ಎಲ್ಲಿಂದ ಬರಬೇಕು? 1991ರಲ್ಲಿ ಪ್ರಶ್ನೆ ಮತ್ತೆ ಮಾಯವಾಯಿತು.

2001ರಲ್ಲಿ ಅದು ಮರಳಿ ಬಂದದ್ದು ಯಾವ ಅಧಿಕಾರಿಯ ಕೃಪೆಯಿಂದಲೂ ಅಲ್ಲ. ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಜಾವೇದ್ ಅಬಿದಿ ಮತ್ತು ಅವರಂಥ ಅನೇಕ ಅಂಗವಿಕಲರು ದೆಹಲಿಯಲ್ಲಿ ಬಾಗಿಲು ಬಡಿದು ಪಡೆದದ್ದು ಅದು. ಆ ಗಣತಿಯಲ್ಲಿ 2 ಕೋಟಿ 19 ಲಕ್ಷ ಜನ ದೊರೆತರು. ಆಗ ಪ್ರಶ್ನೆಯ ಸ್ಥಾನ ಹದಿನೈದನೆಯದು. ಗಣತಿದಾರ ದಣಿದು ಅಷ್ಟರವರೆಗೆ ಬರುವ ಹೊತ್ತಿಗೆ ಉತ್ತರವನ್ನು ತಾನೇ ಊಹಿಸಿಬಿಡುತ್ತಾನೆಂದು ಮತ್ತೆ ಹೋರಾಡಿದರು. 2011ರಲ್ಲಿ ಅದು ಒಂಬತ್ತನೆಯದಾಯಿತು. ಸಿಕ್ಕವರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ. ಇದೂ ಕಡಮೆಯೇ ಎನ್ನುವವರಿದ್ದಾರೆ, ನಾನೂ ಅವರಲ್ಲೊಬ್ಬ. 2021ರ ಗಣತಿಯಂತೂ ಆ ವರ್ಷ ನಡೆಯಲೇ ಇಲ್ಲ.

ಈ ನಡುವೆ ಕಾನೂನು ಮುಂದೆ ಹೋಗಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಹಕ್ಕುಗಳು ನಡೆಯುತ್ತಿವೆಯೆ ಎಂದು ನಿಗಾ ಇಡುವ ಕೆಲಸದಲ್ಲಿ ಅಂಗವಿಕಲರೂ ಅವರ ಸಂಘಟನೆಗಳೂ ಪೂರ್ಣವಾಗಿ ಪಾಲುಗೊಳ್ಳಬೇಕೆಂದು ಅದರ 33ನೆಯ ವಿಧಿ ಹೇಳುತ್ತದೆ. ನಮ್ಮ 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು, ಯೋಜನೆಗಳ ಸಾಮಾಜಿಕ ಲೆಕ್ಕಪರಿಶೋಧನೆ ಆಗಬೇಕೆಂದಿತು. ಕರ್ನಾಟಕ ಇದಕ್ಕೆ ಮುಂಚೆಯೇ, 2007-08ರ ಸುಮಾರಿಗೆ, ಗ್ರಾಮ ಪಂಚಾಯತಿಗೊಬ್ಬರಂತೆ ಅಂಗವಿಕಲರನ್ನೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನಾಗಿ ನೇಮಿಸುವ ಯೋಜನೆ ಹಾಕಿಕೊಂಡಿತು. ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತರು. ಸಂಬಳವಲ್ಲ, ಗೌರವಧನ. ಈ 'ಗೌರವ' ಎಂಬ ಮಾತಿನ ಹಿಂದೆ ನಮ್ಮಲ್ಲಿ ಎಷ್ಟೊಂದು ಜಿಪುಣತನ ಅಡಗಿರುತ್ತದೆ!

ಅಂಗವಿಕಲರು ತಮ್ಮ ಕೆಲಸವನ್ನು ತಾವೇ ನಡೆಸುವುದು ಈ ಸೀಮೆಗೆ ಹೊಸದಲ್ಲ. ಇಟಗಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ, ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರೂ ಅಂಧರು. ಮಗುವಿನ ಕೈ ಹಾರ್ಮೋನಿಯಂ ಮೇಲೆ ಎಲ್ಲಿ ತಡವರಿಸುತ್ತದೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಆ ದಿನ ನಾನು ಆ ಕಾರ್ಯಕರ್ತರ ಜೊತೆಗೆ ಮನೆ ಮನೆ ಸುತ್ತಿದೆ. ಒಂದು ಮನೆಯ ಕಟ್ಟೆಯಲ್ಲಿ ಕುಳಿತಿದ್ದ ಅಜ್ಜಿ ನನ್ನನ್ನು ನೋಡಿದ್ದೇ, "ನಮ್ಮ ಮನ್ಯಾಗ ಅಂಥವರು ಯಾರೂ ಇಲ್ಲಪ್ಪ" ಎಂದಳು. ನಾನಾಗಿದ್ದರೆ ಸೊನ್ನೆ ಬರೆದು ಮುಂದೆ ಹೋಗುತ್ತಿದ್ದೆ. ನನ್ನಂಥವರು ನೂರು ವರ್ಷ ಮಾಡಿದ್ದು ಅದನ್ನೇ. ಅವರು ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಪ್ಯಾಂಟಿನ ಕಾಲು ಮೇಲಕ್ಕೆ ಸರಿಸಿ ಕ್ಯಾಲಿಪರಿನ ಪಟ್ಟಿ ಸಡಿಲಿಸಿದರು, ನೀರು ಕೇಳಿದರು. ಮಳೆಯ ಮಾತಾಯಿತು. ಅಜ್ಜಿ ಅವರ ಕಾಲನ್ನೇ ನೋಡುತ್ತಿದ್ದು, "ಇದನ್ನ ಹಾಕ್ಕೊಂಡು ಇಷ್ಟು ತಿರಗತೀಯೇನು?" ಎಂದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹನ್ನೆರಡು ವರ್ಷದ ಮೊಮ್ಮಗಳನ್ನು ಕರೆದಳು. ಹುಡುಗಿಗೆ ಕಿವಿ ಕೇಳುವುದಿಲ್ಲ. ಶಾಲೆಗೆ ಒಂದು ದಿನವೂ ಹೋದವಳಲ್ಲ, ಯಾವ ಪತ್ರದಲ್ಲೂ ಅವಳ ಹೆಸರಿಲ್ಲ.

ದಾರಿಯಲ್ಲಿ ಅವರು ಇನ್ನೊಂದು ಸಂಗತಿ ಹೇಳಿದರು. ಯಾವುದೋ ಒಂದು ಕಚೇರಿಯ ಮುಂದೆ ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿದ್ದಾರೆ. ವರದಿಯಲ್ಲಿ 'ಇದೆ' ಎಂದು ಗುರುತು ಬಿದ್ದಿದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ನಿಯಮ. ಅದು ನಾಲ್ಕು ಅಡಿಗೇ ಮುಗಿದಿದೆ, ಮೇಲೆ ಬಾಗಿಲಿಗೆ ಬೀಗ. ನಡೆದು ಬಂದ ಪರಿವೀಕ್ಷಕ ಮೆಟ್ಟಿಲು ಹತ್ತಿ ಹೋಗಿದ್ದ. ಇವರು ಗೆಳೆಯನ ಗಾಲಿಕುರ್ಚಿಯೊಂದಿಗೆ ಹೋಗಿ, ಅದು ಹಿಂದಕ್ಕೆ ಉರುಳಿದ ಮೇಲೆ ಅಳತೆ ಬರೆದುಕೊಂಡು ಅರ್ಜಿ ಕೊಟ್ಟಿದ್ದರು. ಉತ್ತರ ಬಂತೆ ಎಂದೆ. "ಬರ್ತದ, ನಾ ಬಿಡೂದಿಲ್ಲ" ಎಂದರು.

ಸಂಜೆ ಮತ್ತೆ ಗುಡಿಯ ಬಳಿ ಬಂದೆವು. ಬಳ್ಳಿಗಾವೆಯ ಶಾಸನದಲ್ಲಿ ಅನ್ನ ಉಂಡವರ ಹೆಸರುಗಳಿವೆಯೆ ಎಂದು ಅವರು ಕೇಳಿದರು. ಇಲ್ಲ, ಕೊಟ್ಟವರ ಹೆಸರುಗಳಿವೆ ಎಂದೆ. ತಲೆಯಾಡಿಸಿ ಪುಸ್ತಕ ತೆರೆದರು. ಆ ಹುಡುಗಿಯ ಹೆಸರು, ವಯಸ್ಸು ಬರೆದಿದ್ದರು. ಕುಕನೂರಿಗೆ ಕರೆದೊಯ್ಯಬೇಕಾದ ದಿನದ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಅವಳ ತಾಯಿ ಹೊಲದಿಂದ ಬಂದ ಮೇಲೆ ಕೇಳಿ ತುಂಬಬೇಕೆಂದು, ಊರುಗೋಲು ಸರಿಪಡಿಸಿಕೊಂಡು ಆ ಓಣಿಯತ್ತಲೇ ಮತ್ತೆ ಹೊರಟರು.